ಬಣ್ಣ ಒಣಗುವಷ್ಟರಲ್ಲಿ

ಪ್ರಶ್ನೆ: ನಾನು ಮೂಡಿಗೆರೆ ಸಮೀಪದ ಹೈಸ್ಕೂಲೊಂದರಲ್ಲಿ ವಿಜ್ಞಾನ ಶಿಕ್ಷಕಿ. ಚಿಕ್ಕವಳಿದ್ದಾಗ ಡ್ರಾಯಿಂಗ್ ಲೋಯರ್, ಹೈಯರ್ ಎರಡೂ ಪಾಸು ಮಾಡಿದ್ದೆ. ಈಗ ಮತ್ತೆ ಜಲವರ್ಣ ಹಿಡಿದಿದ್ದೇನೆ. ಶಾಲೆ ಮುಗಿಸಿ ಮನೆ ಸೇರುವಷ್ಟರಲ್ಲಿ ಕತ್ತಲು, ಮಳೆಗಾಲದಲ್ಲಿ ಕಾಗದವೆಲ್ಲ ಥಂಡಿ. ಮನಸ್ಸು ಬಂದ ದಿನ ಕೂತರೆ ಏನೋ ಒಂದು ಚಿತ್ರ ಆಗುತ್ತದೆ. ಇಲ್ಲದಿದ್ದರೆ ತಿಂಗಳುಗಟ್ಟಲೆ ಕುಂಚ ಮುಟ್ಟುವುದಿಲ್ಲ. ತೋಟದ ಹಸಿರು ಎಷ್ಟು ಸಲ ಬರೆದರೂ ಪ್ಲಾಸ್ಟಿಕ್ ಗಿಡದ ಹಸಿರಿನಂತೆ ಕಾಣುತ್ತದೆ. ಇದನ್ನೇ ಹೊಟ್ಟೆಪಾಡು ಮಾಡಿಕೊಂಡಿರುವ ನಿಮಗೆ ದಿನಾ ಸ್ಫೂರ್ತಿ ಬರುತ್ತದೆಯೇ? ನಿಮ್ಮ ದಿನ ಹೇಗೆ ಸಾಗುತ್ತದೆ? ನಾನು ಕೆಲಸ ಬಿಟ್ಟು ಪೂರ್ತಿ ಇದರಲ್ಲೇ ತೊಡಗಿದರೆ ಸರಿಹೋದೀತೇ?

ಉತ್ತರ: ಮೇಡಂ, ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಬಿಡಬೇಡಿ, ಈಗಂತೂ ಬೇಡ. ಕಾರಣ ಆಮೇಲೆ ಹೇಳುತ್ತೇನೆ.

ಸ್ಫೂರ್ತಿಯ ವಿಷಯ ಬಂದಾಗ ನಮ್ಮ ಕಸುಬಿನವರು ಒಂದಿಷ್ಟು ಬಣ್ಣ ಕಟ್ಟಿ ಹೇಳುವುದುಂಟು, ಕೇಳುವವರಿಗೂ ಅದೇ ಇಷ್ಟ. ಹಾಸನದ ನನ್ನ ಕೋಣೆಯಲ್ಲಿ ದಿನವನ್ನು ನಡೆಸುವುದು ಬಣ್ಣ ಒಣಗುವ ಹೊತ್ತು. ಕೆಳಗಿನ ಪದರ ಒಣಗದೆ ಮೇಲಿನದನ್ನು ಹಾಕುವಂತಿಲ್ಲ. ಜಲವರ್ಣದ ಒಂದು ತೆಳು ವಾಶ್, ಅಂದರೆ ನೀರು ಹೆಚ್ಚು ಬೆರೆಸಿ ಹರಡಿದ ಬಣ್ಣದ ಪದರ, ಮಾರ್ಚ್ ತಿಂಗಳ ಮಧ್ಯಾಹ್ನ ಇಲ್ಲಿ ಕೆಲವೇ ನಿಮಿಷಗಳಲ್ಲಿ ಒಣಗುತ್ತದೆ. ಅದೇ ವಾಶ್ ಪುನರ್ವಸು ಮಳೆ ಹಿಡಿದಾಗ ನಿಮ್ಮ ಕಡೆ ಗಂಟೆ ಕಳೆದರೂ ಹಸಿಯಾಗೇ ಇರುತ್ತದೆ. ಎಣ್ಣೆ ಬಣ್ಣದ ಲೆಕ್ಕವೇ ಬೇರೆ. ಅದು ನೀರು ಆರಿದ ಹಾಗೆ ಆರುವುದಿಲ್ಲ, ಅದರಲ್ಲಿರುವ ಅಗಸೆ ಎಣ್ಣೆ ಗಾಳಿಯ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗುತ್ತದೆ. ನೀವು ವಿಜ್ಞಾನದವರು, ಬಿಡಿಸಿ ಹೇಳಬೇಕಿಲ್ಲ. ಅಂಬರ್ ಎಂಬ ಕಂದು ಬಣ್ಣಗಳಲ್ಲಿ ಮ್ಯಾಂಗನೀಸ್ ಇರುವುದರಿಂದ ತೆಳುವಾಗಿ ಹಾಕಿದರೆ ಒಂದೆರಡು ದಿನಕ್ಕೆ ಕೈಗೆ ಅಂಟುವುದಿಲ್ಲ. ಟೈಟೇನಿಯಂ ವೈಟ್, ಕ್ಯಾಡ್ಮಿಯಂ ರೆಡ್ ವಾರ ಹಿಡಿಯುತ್ತವೆ, ಮಳೆಗಾಲದ ಚಳಿಯಲ್ಲಿ ಇನ್ನೂ ಹೆಚ್ಚು. ಅದಕ್ಕೇ ಎಣ್ಣೆ ಚಿತ್ರದ ಮೊದಲ ಪದರವನ್ನು ನಾನು ಅಂಬರ್‌ನಲ್ಲೇ ಟರ್ಪೆಂಟೈನ್ ಬೆರೆಸಿ ತೆಳುವಾಗಿ ಮುಗಿಸುತ್ತೇನೆ.

ಇದರಿಂದ ಆಗುವುದೇನೆಂದರೆ, ಒಂದೇ ಚಿತ್ರವನ್ನು ಎದುರಿಗಿಟ್ಟುಕೊಂಡು ಕೂರುವವನಿಗೆ ದಿನದ ಮುಕ್ಕಾಲು ಪಾಲು ಕೆಲಸವೇ ಇರುವುದಿಲ್ಲ. ಹಾಗಾಗಿ ನನ್ನ ಗೋಡೆಗೆ ಯಾವಾಗಲೂ ಹಲವು ಚಿತ್ರ ಒರಗಿರುತ್ತವೆ. ಒಂದರಲ್ಲಿ ಬರೀ ಪೆನ್ಸಿಲ್ ಗೆರೆ, ಇನ್ನೊಂದಕ್ಕೆ ಆಕಾಶದ ವಾಶ್ ಆಗಿದೆ, ಮತ್ತೊಂದಕ್ಕೆ ಕೊನೆಯ ಗಾಢ ನೆರಳು ಬಾಕಿ. ಒಂದನ್ನಂತೂ ಮುಖ ನೋಡಲಾರದೆ ಗೋಡೆಗೆ ತಿರುಗಿಸಿ ಇಟ್ಟಿರುತ್ತೇನೆ. ಬೆಳಿಗ್ಗೆ ಒಳಗೆ ಹೋದರೆ ಇವತ್ತು ಏನು ಬರೆಯಲಿ ಎಂಬ ಪ್ರಶ್ನೆ ಏಳುವುದೇ ಇಲ್ಲ, ಯಾವುದು ಒಣಗಿದೆ ಎಂದು ನೋಡುವುದಷ್ಟೇ. ಒಣಗಿದ್ದನ್ನು ಎತ್ತಿಕೊಂಡರೆ ಅದೇ ಮುಂದಿನ ಕೆಲಸ ಕೇಳುತ್ತದೆ. ಮನಸ್ಸು ಬರುವುದು ಆಮೇಲೆ, ಕೈ ಓಡತೊಡಗಿ ಅರ್ಧ ಗಂಟೆಯಾದ ಮೇಲೆ. ಕೆಲವು ದಿನ ಬರುವುದೇ ಇಲ್ಲ, ಆ ದಿನವೂ ಆಕಾಶ ತುಂಬಿರುತ್ತದೆ, ಫ್ರೇಮಿಗೆ ಅಳತೆ ಹೋಗಿರುತ್ತದೆ.

ನಿಮ್ಮಲ್ಲಿ ಒಂದೇ ಹಾಳೆ ಇದೆ ಅನ್ನಿಸುತ್ತದೆ. ಅದು ಕೆಟ್ಟಿತೆಂದರೆ ಚಿತ್ರಕಲೆಯೇ ನಿಂತ ಹಾಗಾಗುತ್ತದೆ. ಮುಂದಿನ ಸಲ 22 ಇಂಚು 30 ಇಂಚಿನ ಪೂರ್ತಿ ಶೀಟನ್ನು ನಾಲ್ಕು ತುಂಡು ಮಾಡಿ, ನಾಲ್ಕನ್ನೂ ಒಂದೇ ರಾತ್ರಿ ಬೇರೆ ಬೇರೆ ಹಲಗೆಗೆ ಟೇಪ್ ಅಂಟಿಸಿ ಬಿಗಿದಿಡಿ. ರೇಖೆ ಬರೆಯುವುದನ್ನು ನಾಲ್ಕರಲ್ಲೂ ಮುಗಿಸಿ. ಆಮೇಲೆ ಯಾವುದಕ್ಕೆ ಕೈ ಹೋಗುತ್ತದೋ ಹೋಗಲಿ. ಶಾಲೆಯಿಂದ ಬಂದ ಮೇಲೆ ಸಿಗುವ ಮುಕ್ಕಾಲು ಗಂಟೆಯಲ್ಲಿ ಕಾಗದ ಹುಡುಕಿ, ಕತ್ತರಿಸಿ, ವಿಷಯ ಯೋಚಿಸಿ ಕೂರುವವರಿಗೆ ಬಣ್ಣ ಮುಟ್ಟುವಷ್ಟರಲ್ಲಿ ಊಟಕ್ಕೆ ಕರೆ ಬರುತ್ತದೆ.

ಇನ್ನು ನನ್ನ ದಿನ. ಏಳರಿಂದ ಹನ್ನೊಂದರವರೆಗಿನ ಬೆಳಕು ಬಣ್ಣಕ್ಕೆ. ಫೋನು ಇನ್ನೊಂದು ಕೋಣೆಯಲ್ಲಿ. ಕುಂಚ ಎತ್ತುವ ಮುಂಚೆ ನಿನ್ನೆ ಮಾಡಿದ್ದನ್ನು ದೂರದಿಂದ, ಕಣ್ಣು ಅರೆ ಮುಚ್ಚಿ ಒಂದಷ್ಟು ಹೊತ್ತು ನೋಡುತ್ತೇನೆ. ಹಾಗೆ ನೋಡಿದಾಗ ವಿವರ ಅಳಿಸಿಹೋಗಿ ಕಪ್ಪು, ಬಿಳುಪು, ನಡುವಿನ ಬೂದು ಮಾತ್ರ ಉಳಿಯುತ್ತವೆ. ಆ ಮೂರರ ಜೋಡಣೆ ನಿಲ್ಲದಿದ್ದರೆ ಎಲೆ ಎಲೆ ಬಿಡಿಸಿದರೂ ಪ್ರಯೋಜನವಿಲ್ಲ. ಕೋಣೆಯಲ್ಲಿ ಒಂದು ಹಳೆ ಕನ್ನಡಿ ಇದೆ, ಚಿತ್ರವನ್ನು ಅದರಲ್ಲಿ ನೋಡಿದರೆ ಎಡಬಲ ಬದಲಾಗಿ ಓರೆ ಕಂಬ, ವಾಲಿದ ಸೂರು ತಕ್ಷಣ ಸಿಕ್ಕಿಬೀಳುತ್ತವೆ.

ಬೆಳಕಿನ ವಿಷಯದಲ್ಲಿ ಒಂದು ಮಾತು. ಚಿತ್ರಕಾರನ ಕೋಣೆಗೆ ಉತ್ತರದ ಕಿಟಕಿ ಇರಬೇಕೆಂದು ಎಲ್ಲ ಕಡೆ ಓದಿರುತ್ತೀರಿ. ಯುರೋಪಿನವರಿಗೆ ಅದು ಸರಿ. ಅಲ್ಲಿ ನಡುಹಗಲ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ, ಉತ್ತರದ ಕಿಟಕಿಗೆ ದಿನವೆಲ್ಲ ಒಂದೇ ಸಮನೆಯ ತಂಪು ಬೆಳಕು. ನಾವಿರುವುದು 13 ಡಿಗ್ರಿ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಸೂರ್ಯ ನೆತ್ತಿಯ ಮೇಲೆ ಬಂದು, ಅಲ್ಲಿಂದ ಉತ್ತರಕ್ಕೆ ದಾಟಿ, ಆಗಸ್ಟ್ ನಡುವಿನ ತನಕ ಅಲ್ಲೇ ಇರುತ್ತಾನೆ. ಮೇ ತಿಂಗಳಲ್ಲಿ ನನ್ನ ಉತ್ತರದ ಕಿಟಕಿಗೆ ನೇರ ಬಿಸಿಲು ಬಡಿಯುತ್ತದೆ. ಬಿಳಿ ಕಾಗದ ಕಣ್ಣು ಕೋರೈಸಿದರೆ ಬಣ್ಣವನ್ನು ಬೇಕಾದ್ದಕ್ಕಿಂತ ಗಾಢ ಹಾಕಿಬಿಡುತ್ತೇವೆ. ಸಂಜೆ ನೋಡಿದರೆ ಚಿತ್ರ ಮಂಕು. ಹಳೆ ಬಿಳಿ ಪಂಚೆಯೊಂದನ್ನು ಕಿಟಕಿಗೆ ಅಡ್ಡ ಕಟ್ಟಿದರೆ ಸಾಕು. ಜೂನಿನಿಂದ ಮೋಡವೇ ಆ ಕೆಲಸ ಮಾಡುತ್ತದೆ.

ನಿಮಗೆ ಸಿಗುವುದು ರಾತ್ರಿ. ಮಾಮೂಲಿ ಟ್ಯೂಬ್‌ಲೈಟಿನಲ್ಲಿ ಹಸಿರು, ನೀಲಿಗಳ ಅಂತರ ತಿಳಿಯುವುದಿಲ್ಲ. ಎಲ್‌ಇಡಿ ಬಲ್ಬಿನ ಪೆಟ್ಟಿಗೆಯ ಮೇಲೆ ಸಿಆರ್‌ಐ ಎಂದು ಬರೆದಿರುತ್ತಾರೆ, ಆ ಬೆಳಕಿನಲ್ಲಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬುದರ ಅಳತೆ. ಅದು 90ಕ್ಕಿಂತ ಹೆಚ್ಚಿರುವುದನ್ನು, ಬೆಳಕಿನ ಬಣ್ಣ 5000 ಕೆಲ್ವಿನ್ ಆಸುಪಾಸಿನದನ್ನು ಕೇಳಿ ತನ್ನಿ. ಅಷ್ಟಾದರೂ ರಾತ್ರಿ ಹೊತ್ತು ರೇಖೆ, ನೆರಳು, ಒಂದೇ ಬಣ್ಣದ ತೆಳು ವಾಶ್ ಇಷ್ಟೇ ಮಾಡಿ. ಹಸಿರಿನ ತೀರ್ಮಾನವೆಲ್ಲ ಭಾನುವಾರ ಬೆಳಿಗ್ಗೆಗೆ ಇರಲಿ.

ಹನ್ನೊಂದರ ಮೇಲೆ ನನ್ನ ಕೋಣೆ ಕಾರ್ಖಾನೆ. ಕ್ಯಾನ್ವಾಸ್ ಬಿಗಿಯುವುದು, ಪ್ರೈಮರ್ ಬಳಿಯುವುದು, ಚಿತ್ರದ ಸುತ್ತ ಕೂರಿಸುವ ರಟ್ಟಿನ ಮೌಂಟ್ ಕತ್ತರಿಸುವುದು, ಕೊರಿಯರ್‌ಗೆ ಕಟ್ಟುವುದು, ಬಾಕಿ ಹಣಕ್ಕೆ ನಯವಾಗಿ ಫೋನು ಮಾಡುವುದು. ಈ ಕೊನೆಯದಕ್ಕೆ ಯಾವ ಕಾಲೇಜಿನಲ್ಲೂ ಪಾಠವಿಲ್ಲ. ಸಕಲೇಶಪುರ, ಚಿಕ್ಕಮಗಳೂರು ಕಡೆಯ ಹೋಂಸ್ಟೇಗಳಿಗೆ ಚಿತ್ರ ಬರೆದುಕೊಡುವುದು, ಮನೆಯ ಹಿರಿಯರ ಹಳೆ ಫೋಟೊ ನೋಡಿ ಭಾವಚಿತ್ರ ಮಾಡುವುದು, ವಾರಾಂತ್ಯದಲ್ಲಿ ಮಕ್ಕಳಿಗೆ ಪಾಠ, ಇವುಗಳಿಂದಲೇ ಮನೆ ನಡೆಯುವುದು. ಒಬ್ಬ ತೋಟದ ಮಾಲೀಕರು ತಮ್ಮ ಹಳೆ ಬಂಗಲೆಯ ಚಿತ್ರ ಬರೆಸಿದರು. ಅಂಗಳದ ಕರೆಂಟ್ ಕಂಬ ಬೇಡ, ಕಡಿಸಿದ ಹಲಸಿನ ಮರ ಇರಬೇಕು, ಜೀಪು ಹೊಸದಿರಲಿ ಎಂದರು. ಕಂಬ ತೆಗೆದೆ, ಮರ ನಿಲ್ಲಿಸಿದೆ, ಜೀಪಿನ ವಿಷಯದಲ್ಲಿ ಮಾತ್ರ ಹಳೆಯದೇ ಚೆಂದ ಎಂದು ಒಪ್ಪಿಸಿದೆ. ಹಲಸಿನ ಮರ ಬಂದಿದ್ದರಿಂದ ಎಡಗಡೆಯ ಖಾಲಿ ಜಾಗ ತುಂಬಿ ಚಿತ್ರ ನಿಂತಿತು, ಅದು ನನಗೆ ತಾನಾಗಿ ಹೊಳೆದಿರಲಿಲ್ಲ.

ದುಡ್ಡಿಗೆ ಮಾಡಿದ್ದರಲ್ಲಿ ಕಲೆ ಇರುವುದಿಲ್ಲ ಎನ್ನುವವರು ಬೇಲೂರಿಗೆ ಒಮ್ಮೆ ಹೋಗಿಬರಲಿ. 1117ರಲ್ಲಿ ವಿಷ್ಣುವರ್ಧನ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡಿಸಿದ ಆ ಗುಡಿಗೆ ಬಳ್ಳಿಗಾವೆಯಿಂದ ದಾಸೋಜ, ಅವನ ಮಗ ಚಾವಣ ಬಂದದ್ದು ಕೆಲಸಕ್ಕೆ. ರಾಜ ಹೇಳಿದ ಕೆಲಸ, ಗುಡಿಯ ಅಳತೆಗೆ ತಕ್ಕ ವಿಗ್ರಹ. ಆದರೂ ಮದನಿಕೆಯ ಪೀಠದಲ್ಲಿ ಹೆಸರು ಕೊರೆದುಕೊಂಡರು. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ. ಅವರ ದಿನವನ್ನೂ ಅವರ ಸಾಮಗ್ರಿಯೇ ನಡೆಸುತ್ತಿತ್ತು ಎಂದು ನನಗೆ ಅನ್ನಿಸುವುದು ಇದಕ್ಕೇ. ಶಾಲಾ ರಜೆಯಲ್ಲಿ ಪೆನ್ಸಿಲ್ ಹಿಡಿದು ಹಳೇಬೀಡಿನ ಹೊರಗೋಡೆಯ ಎದುರು ಅರ್ಧ ದಿನ ಕೂತುನೋಡಿ. ಆನೆ, ಕುದುರೆಗಳ ಸಾಲನ್ನು ಪಕ್ಕದಿಂದ ಬೀಳುವ ಬಿಸಿಲಿನಲ್ಲಿ ಬರೆದರೆ ನೆರಳಿನ ಪಾಠ ಬೇರೆ ಬೇಕಿಲ್ಲ.

ಸಂಜೆ ನಾಲ್ಕೂವರೆ ಮೇಲೆ ಹೊರಗೆ. ಚಿಕ್ಕ ಸ್ಕೆಚ್ ಬುಕ್, ಒಂದು ಪೆನ್ನು. ಅದರಲ್ಲಿ ಚಿತ್ರಕ್ಕಿಂತ ಟಿಪ್ಪಣಿ ಹೆಚ್ಚು: “ಗುಡ್ಡದ ಹಿಂದಿನ ಮೋಡ ಗುಡ್ಡಕ್ಕಿಂತ ಕಪ್ಪು, ಮುಂದಿನ ಗದ್ದೆ ಎರಡಕ್ಕಿಂತ ಬೆಳ್ಳಗೆ.” ಮುಂಗಾರಿನ ಮೊದಲ ಗುಡುಗಿನ ಸಂಜೆ ಹೀಗೆ ಕಾಣುತ್ತದೆ, ಆದರೆ ಮನೆಯಲ್ಲಿ ಕೂತು ಬರೆದರೆ ಎಲ್ಲರೂ ಆಕಾಶವನ್ನೇ ಬೆಳ್ಳಗೆ ಮಾಡುತ್ತಾರೆ. ಫೋಟೊ ನೋಡಿ ಬರೆಯುವುದು ಪಾಪವಲ್ಲ, ನಾನೂ ತೆಗೆಯುತ್ತೇನೆ. ಈಗಿನ ಫೋನುಗಳು ಕತ್ತಲನ್ನು ತಿಳಿಯಾಗಿಸಿ, ಆಕಾಶವನ್ನು ತಗ್ಗಿಸಿ ಎಲ್ಲವನ್ನೂ ಸಮ ಮಾಡಿ ಕೊಡುತ್ತವೆ. ಹಾಗಾಗಿ ಫೋಟೊ ಆಕಾರಕ್ಕಿರಲಿ, ಬೆಳಕಿಗೆ ಟಿಪ್ಪಣಿ ಇರಲಿ. ಶೆಟ್ಟಿಹಳ್ಳಿಯ ಇಗರ್ಜಿಯನ್ನೇ ತೆಗೆದುಕೊಳ್ಳಿ. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಹಿನ್ನೀರಿಗೆ ಸಿಕ್ಕಿತು. ಮಳೆಗಾಲಕ್ಕೆ ನೀರಲ್ಲಿ ನಿಲ್ಲುತ್ತದೆ, ಬೇಸಿಗೆಗೆ ಕಮಾನಿನೊಳಗೆ ದನ ಮೇಯುತ್ತವೆ. ಅದರ ಫೋಟೊ ಸಾವಿರ ಸಿಗುತ್ತವೆ, ಎಲ್ಲವೂ ಒಂದೇ ಕೋನದವು. ನೀರು ಇಳಿದಾಗ ಗೋಡೆಯ ಮೇಲೆ ಉಳಿಯುವ ಕೆಸರಿನ ಗೆರೆ ಆ ಯಾವುದರಲ್ಲೂ ಮುಖ್ಯವಾಗಿ ಕಾಣುವುದಿಲ್ಲ. ನನಗೆ ಅಲ್ಲಿ ಬರೆಯಬೇಕೆನಿಸುವುದೇ ಆ ಗೆರೆ. ಒಂದೇ ಜಾಗಕ್ಕೆ ಬೇರೆ ಬೇರೆ ಕಾಲದಲ್ಲಿ ಹೋಗುವುದನ್ನು ರೂಢಿ ಮಾಡಿಕೊಂಡರೆ ‘ಏನು ಬರೆಯಲಿ’ ಎಂಬುದು ತಾನಾಗಿ ಬಗೆಹರಿಯುತ್ತದೆ. ಹೂ ಬಿಟ್ಟ ಮರಗಳಿಗೆ ಮತ್ತೆ ಮತ್ತೆ ಮರಳಿದ ರುಮಾಲೆ ಚೆನ್ನಬಸವಯ್ಯ, ಊಟಿಯ ಮಂಜು ಮೋಡಗಳನ್ನು ಜಲವರ್ಣದಲ್ಲಿ ಹಿಡಿದ ಕೆ. ವೆಂಕಟಪ್ಪ, ಇಬ್ಬರ ಚಿತ್ರಗಳನ್ನೂ ಬೆಂಗಳೂರಿಗೆ ಹೋದಾಗ ಹುಡುಕಿಕೊಂಡು ಹೋಗಿ ನೋಡಿ. ವೆಂಕಟಪ್ಪನವರ ಮಂಜು ನಿಮ್ಮ ಚಾರ್ಮಾಡಿ ಘಾಟಿಯ ಮಂಜಿಗೆ ಹತ್ತಿರದ ನೆಂಟ.

ಥಂಡಿಯ ವಿಷಯಕ್ಕೆ ಬರೋಣ. ಜಲವರ್ಣದ ಕಾಗದಕ್ಕೆ ಜೆಲಟಿನ್ ಅಥವಾ ಗಂಜಿಯಂಥ ಸೈಜಿಂಗ್ ಕೊಟ್ಟಿರುತ್ತಾರೆ, ಬಣ್ಣ ಒಳಗಿಳಿಯದೆ ಮೇಲೆ ನಿಲ್ಲುವುದು ಅದರಿಂದ. ಬೂಷ್ಟು ಮೊದಲು ತಿನ್ನುವುದೂ ಅದನ್ನೇ. ಕಣ್ಣಿಗೆ ಕಾಗದ ಚೆನ್ನಾಗಿಯೇ ಇರುತ್ತದೆ, ವಾಶ್ ಹಾಕಿದ ಕೂಡಲೇ ಅಲ್ಲಲ್ಲಿ ಮಚ್ಚೆ ಮಚ್ಚೆಯಾಗಿ ಬಣ್ಣ ಹೀರಿಕೊಳ್ಳುತ್ತದೆ. ಅಂಥ ಹಾಳೆಯನ್ನು ಪೆನ್ಸಿಲ್ಲಿಗೆ ಇಟ್ಟುಕೊಳ್ಳಿ, ಅದರೊಂದಿಗೆ ಗುದ್ದಾಡಬೇಡಿ. ಹೊಸ ಕಾಗದವನ್ನು ಮೇ ಒಳಗೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಚೀಲಗಳ ಜೊತೆ ಇಟ್ಟುಬಿಡಿ. ಬಣ್ಣ ಬದಲಿಸುವ ಜಾತಿಯ ಜೆಲ್ ಆದರೆ ತೇವ ಕುಡಿದದ್ದು ಗೊತ್ತಾಗುತ್ತದೆ, ಬಿಸಿ ಮಾಡಿ ಮತ್ತೆ ಬಳಸಬಹುದು. ಒಲೆಯ ಮೇಲಿನ ಅಟ್ಟದಲ್ಲಿ ಇಡಿ ಎಂದು ಮನೆಯ ಹಿರಿಯರು ಹೇಳಿಯಾರು. ಅಡಿಕೆಗೆ ಅದು ಸರಿ, ಕಾಗದ ಹೊಗೆಗೆ ಹಳದಿಯಾಗುತ್ತದೆ.

ವಾಶ್ ಒಣಗಿದೆಯೋ ಇಲ್ಲವೋ ತಿಳಿಯುವುದು ಬೆರಳ ತುದಿಯಿಂದಲ್ಲ, ಅಂಗೈ ಹಿಂಭಾಗದಿಂದ. ಮೊದಲು ಹಾಳೆ ನೀರು ನಿಂತು ಹೊಳೆಯುತ್ತದೆ. ಆಗ ಇನ್ನೊಂದು ಬಣ್ಣ ಬಿಟ್ಟರೆ ಎರಡೂ ಹರಿದು ಬೆರೆಯುತ್ತವೆ. ಮಂಜು, ಮೋಡಕ್ಕೆ ಇದೇ ಬೇಕು. ಸ್ವಲ್ಪ ಹೊತ್ತಿಗೆ ಹೊಳಪು ಇಂಗುತ್ತದೆ, ಹಾಳೆ ಒಣಗಿದಂತೆ ಕಾಣುತ್ತದೆ. ಅಂಗೈ ಹಿಂಭಾಗ ಮೆಲ್ಲಗೆ ತಾಗಿಸಿ ನೋಡಿ, ತಣ್ಣಗಿದೆಯೆಂದರೆ ಒಳಗಿನ್ನೂ ನೀರಿದೆ. ಕೆಡುವುದೆಲ್ಲ ಈ ಹೊತ್ತಿನಲ್ಲೇ. ತುಂಬಿದ ಕುಂಚ ಈಗ ತಾಗಿದರೆ ಹೊಸ ನೀರು ಅರೆ ಒಣಗಿದ ಬಣ್ಣವನ್ನು ಅಂಚಿಗೆ ತಳ್ಳಿ, ಸೊಟ್ಟಪಟ್ಟ ಅಂಚಿನ ಕಲೆ ಬಿಡುತ್ತದೆ, ಅದು ಹೋಗುವುದಿಲ್ಲ. ಮುಂಗಾರಿನಲ್ಲಿ ಈ ಮಧ್ಯದ ಸ್ಥಿತಿ ತುಂಬ ಹೊತ್ತು ಎಳೆಯುತ್ತದೆ, ಅದಕ್ಕೇ ಮಲೆನಾಡಿನಲ್ಲಿ ಕಲಿಯುವವರಿಗೆ ಸಿಟ್ಟು ಹೆಚ್ಚು. ಹೇರ್ ಡ್ರೈಯರ್ ಹಿಡಿಯಬಹುದು, ಹೊಳಪು ಇಂಗಿದ ಮೇಲೆ ಮತ್ತು ದೂರದಿಂದ. ಇಲ್ಲವೇ ಇನ್ನೊಂದು ಹಲಗೆ ಎತ್ತಿಕೊಳ್ಳಿ.

ಈಗ ಹಸಿರು. ನಿಮ್ಮ ಡಬ್ಬಿಯಲ್ಲಿ ಸ್ಯಾಪ್ ಗ್ರೀನ್ ಟ್ಯೂಬು ಬೇರೆಲ್ಲಕ್ಕಿಂತ ಬೇಗ ಖಾಲಿಯಾಗುತ್ತಿದ್ದರೆ ಕಳ್ಳ ಸಿಕ್ಕ. ಟ್ಯೂಬಿನಿಂದ ನೇರ ಬಂದ ಹಸಿರು ಎಲ್ಲ ಎಲೆಗೂ ಒಂದೇ ಹಸಿರು, ಆದರೆ ತೋಟದಲ್ಲಿ ಒಂದೇ ರೋಬಸ್ಟಾ ಗಿಡದ ಎಲೆಗಳು ನಾಲ್ಕು ಬಣ್ಣ ತೋರಿಸುತ್ತವೆ. ಮಳೆ ನಿಂತ ಮೇಲೆ ಗಿಡದ ಹತ್ತಿರ ಹೋಗಿ ನಿಲ್ಲಿ. ಮೇಲ್ಮುಖವಾಗಿ ಹರಡಿದ ಎಲೆಯ ಮೇಲೆ ಮೇಣದ ಹೊಳಪಿದೆ, ಅದು ಆಕಾಶವನ್ನು ಪ್ರತಿಫಲಿಸುತ್ತದೆ. ಮೋಡದ ದಿನ ಆ ಎಲೆ ಹಸಿರೇ ಅಲ್ಲ, ಬೂದು ನೀಲಿ. ಅದೇ ಎಲೆಯ ಕೆಳಗೆ ಕೂತು ಮೇಲೆ ನೋಡಿ, ಬೆಳಕು ಎಲೆಯೊಳಗಿಂದ ಸೋಸಿ ಬಂದು ಹಳದಿ ತುಂಬಿದ ಎಳೆ ಹಸಿರು ಕಾಣುತ್ತದೆ. ಗಿಡ ಗಿಡದ ಸಂದಿಯ ಕತ್ತಲಲ್ಲಿ ಕಂದು ಮಿಶ್ರಿತ ಕಪ್ಪು. ಕೆಲವು ಅರೇಬಿಕಾ ತಳಿಗಳ ಚಿಗುರಂತೂ ತಾಮ್ರದ ಬಣ್ಣ. ಮೇಲೆ ಸಿಲ್ವರ್ ಓಕ್ ಗಾಳಿಗೆ ಮಗುಚಿದಾಗ ಎಲೆಯಡಿಯ ಬೆಳ್ಳಿ ಬೂದು. ನಿಜವಾದ ಹಸಿರು ಇವೆಲ್ಲದರ ನಡುವೆ ಒಂದಿಷ್ಟು ಜಾಗದಲ್ಲಿ ಮಾತ್ರ. ಬೂದು, ಕಂದುಗಳನ್ನು ನಾವು ಬಿಟ್ಟುಬಿಡುವುದರಿಂದಲೇ ಚಿತ್ರ ಪ್ಲಾಸ್ಟಿಕ್ ಆಗುವುದು.

ಮದ್ದು ಸುಲಭ. ಅಲ್ಟ್ರಾಮರೀನ್, ಪ್ರಶಿಯನ್ ಎಂಬ ಎರಡು ನೀಲಿ. ಲೆಮನ್ ಯೆಲ್ಲೋ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ ಎಂಬ ಮೂರು ಬೆಚ್ಚನೆಯ ಬದಿಯ ಬಣ್ಣ. ಒಂದೊಂದು ನೀಲಿಗೂ ಒಂದೊಂದನ್ನು ಸೇರಿಸಿ ಆರು ಪಟ್ಟಿ ಎಳೆಯಿರಿ, ಪ್ರತಿ ಪಟ್ಟಿಯನ್ನೂ ನೀರು ಹೆಚ್ಚಿಸುತ್ತ ತಿಳಿಯಾಗಿಸಿ. ಪ್ರಶಿಯನ್ನಿಗೆ ಲೆಮನ್ ಸೇರಿಸಿದರೆ ಗದ್ದೆಯ ಸಸಿಮಡಿ. ಅದೇ ಪ್ರಶಿಯನ್ನಿಗೆ ಸಿಯೆನ್ನಾ ಬೆರೆಸಿದರೆ ತೋಟದ ಒಳಗತ್ತಲು. ಅಲ್ಟ್ರಾಮರೀನಿಗೆ ಓಕರ್ ಸೇರಿದರೆ ದೂರದ ಶೋಲಾ ಕಾಡಿನ ಮೌನ ಹಸಿರು, ಸಿಯೆನ್ನಾ ಸೇರಿದರೆ ಹಸಿರೇ ಇಲ್ಲದ ಸೊಗಸಾದ ಬೂದು, ಒದ್ದೆ ಎಲೆಯ ಹೊಳಪಿಗೆ ಅದನ್ನೇ ನೀರಾಗಿಸಿ ಹಾಕಿ. ಸ್ಯಾಪ್ ಗ್ರೀನ್ ಬಿಸಾಡುವುದೇನೂ ಬೇಡ, ಆದರೆ ಚೂರು ಸಿಯೆನ್ನಾ ಬೆರೆಸದೆ ಕಾಗದಕ್ಕೆ ಮುಟ್ಟಿಸಬೇಡಿ. ಈ ಪಟ್ಟಿಯನ್ನು ಒಮ್ಮೆ ತೋಟಕ್ಕೇ ಒಯ್ದು ಎಲೆಯ ಪಕ್ಕ ಹಿಡಿದು ನೋಡಿ. ನಿಮ್ಮ ಮಕ್ಕಳಿಗೆ ಬೆಳಕಿನ ಪ್ರತಿಫಲನದ ಪಾಠಕ್ಕೂ ಆಗುತ್ತದೆ.

ಕಾಫಿ ಹೂವಿನ ಚಿತ್ರ ಬರೆಯಬೇಕೆಂಬ ಆಸೆ ನಿಮ್ಮ ಕಡೆಯವರಿಗೆಲ್ಲ ಇರುತ್ತದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡ ಬೆಳ್ಳಗಾಗುತ್ತದೆ, ನೋಡನೋಡುತ್ತಿದ್ದಂತೆ ಕಂದು ತಿರುಗುತ್ತದೆ. ಸ್ಫೂರ್ತಿಗೆ ಕಾದವರಿಗೆ ಅದು ಸಿಗುವುದಿಲ್ಲ. ಮಳೆ ಬಿದ್ದ ರಾತ್ರಿಯೇ ಹಲಗೆಗೆ ಕಾಗದ ಬಿಗಿದಿಟ್ಟವರಿಗೆ ಸಿಗುತ್ತದೆ. ಅದು ನಿಮಗೆ ಪರೀಕ್ಷೆ, ಮೌಲ್ಯಮಾಪನದ ಕಾಲ, ಗೊತ್ತು. ಶಾಲೆಗೆ ಹೊರಡುವ ಮುಂಚಿನ ಅರ್ಧ ಗಂಟೆ ಸಾಕು. ಹೂವಿಗೆ ಬಿಳಿ ಬಣ್ಣ ಹಚ್ಚಬೇಡಿ, ಕಾಗದದ ಬಿಳುಪನ್ನೇ ಹಾಗೇ ಬಿಡಿ. ನೆರಳಿನಲ್ಲಿರುವ ಹೂಗೊಂಚಲಿಗೆ ಮೊದಲೇ ತಿಳಿ ಬೂದು ನೀಲಿ ಹಾಯಿಸಿ, ಬಿಸಿಲು ಬಿದ್ದ ನಾಲ್ಕು ಗೊಂಚಲು ಮಾತ್ರ ಬೆಳ್ಳಗೆ ಉಳಿಸಿದರೆ ಕಣ್ಣು ಅಲ್ಲಿಗೇ ಹೋಗುತ್ತದೆ.

ಕೆಲಸ ಬಿಡುವ ವಿಷಯ. ಈ ಕಸುಬಿನಲ್ಲಿ ಹಣ ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ. ಒಮ್ಮೆ ಗಂಟಾಗಿ ಬರುತ್ತದೆ, ಆಮೇಲೆ ಮೂರು ತಿಂಗಳು ಸದ್ದಿರುವುದಿಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಮನೆ ಬಾಡಿಗೆಯೂ ಚಿತ್ರದಿಂದಲೇ ಹುಟ್ಟಬೇಕೆಂದಾಗ ಹೋದ ಸಲ ಮಾರಿಹೋದದ್ದನ್ನೇ ಕೈ ಮತ್ತೆ ಬರೆಯುತ್ತದೆ. ನಿಮಗೆ ಕಲಿಯುವ ಕಾಲ ಇದು, ಕೆಟ್ಟ ಹಸಿರು ಹಚ್ಚುವ ಸ್ವಾತಂತ್ರ್ಯ ಬೇಕು, ಅದನ್ನು ಸಂಬಳ ಕೊಡಿಸುತ್ತಿದೆ. ಮನೆಯ ಒಂದು ಗೋಡೆ ತುಂಬುವಷ್ಟು ಒಂದೇ ವಿಷಯದ ಚಿತ್ರಗಳಾಗಲಿ. ಆಮೇಲೆ ಬೆಂಗಳೂರಿನ ಚಿತ್ರಕಲಾ ಪರಿಷತ್ತು ಜನವರಿಯಲ್ಲಿ ಕುಮಾರಕೃಪಾ ರಸ್ತೆಯಲ್ಲಿ ನಡೆಸುವ ಚಿತ್ರಸಂತೆಗೆ ಅರ್ಜಿ ಹಾಕಿ, ಒಂದು ದಿನ ರಸ್ತೆ ಬದಿ ಕೂತು ಬನ್ನಿ. ಜನ ಯಾವ ಅಳತೆ ಕೊಳ್ಳುತ್ತಾರೆ, ಯಾವುದರ ಮುಂದೆ ನಿಲ್ಲುತ್ತಾರೆ, ಯಾವುದಕ್ಕೆ ಬೆಲೆ ಕೇಳಿ ಮುಂದೆ ಹೋಗುತ್ತಾರೆ, ಎಲ್ಲ ಒಂದೇ ದಿನಕ್ಕೆ ತಿಳಿಯುತ್ತದೆ. ಆಗ ಕೆಲಸದ ವಿಷಯ ಮತ್ತೆ ಕೇಳಿ.

ಸಂತೆಗೆ ಒಯ್ಯುವ ಮುನ್ನ ಫ್ರೇಮು ಹಾಕಿಸುವಾಗ ಅಂಗಡಿಯವರು ಮೌಂಟ್ ಬೇಡ, ಖರ್ಚು ಉಳಿಯುತ್ತದೆ ಎಂದರೆ ಒಪ್ಪಬೇಡಿ. ಗಾಜಿಗೂ ಚಿತ್ರಕ್ಕೂ ನಡುವೆ ಮೌಂಟಿನಷ್ಟಾದರೂ ಅಂತರ ಬೇಕು, ಹಿಂಬದಿಗೆ ಸುತ್ತಲೂ ಟೇಪು ಬಿಗಿಯಾಗಿ ಹಾಕಿಸಿ. ಇಲ್ಲದಿದ್ದರೆ ಮೂಡಿಗೆರೆಯ ಒಂದೇ ಮಳೆಗಾಲಕ್ಕೆ ಗಾಜಿನೊಳಗೆ ಬೂಷ್ಟು ಹಿಡಿಯುತ್ತದೆ.